ಮೀಟರ್ ಹೇಳಿದ್ದೊಂದು, ದಾಖಲೆ ಹೇಳಿದ್ದೊಂದು

ಮುಡ್ಲಾ ವೆಲ್, ದಕ್ಷಿಣ ಆಸ್ಟ್ರೇಲಿಯಾ
12 ಮಾರ್ಚ್ 2008, ಬುಧವಾರ

ಲಾಯ್ಡ್,

ಹೇಗಿದ್ದೀಯ ಎಂದು ಕೇಳುವ ಮನಸ್ಸಿಲ್ಲ, ಅದಕ್ಕೇ ನೇರ ವಿಷಯಕ್ಕೆ ಬರುತ್ತೇನೆ. ಕಾರ್ಲಾ ಬದುಕಿದ್ದಾಳೆ. ನಮ್ಮ ಓಟದ ಗಾಡಿ, ಯೂಟ್, ಸತ್ತಿದೆ.

ಶುಕ್ರವಾರ ಬೆಳಿಗ್ಗೆ ಒಣಗಿದ ಉಪ್ಪಿನ ಕೆರೆಯ ಮೇಲೆ, ಕ್ಲಬ್ಬಿನ ವೇಗದ ಸ್ಪರ್ಧೆಯಲ್ಲಿ, ನನ್ನ ಮಗಳ ಎರಡನೆಯ ಓಟ. ಮೂರನೆಯ ಮೈಲಿ ದಾಟಿ, ಗಂಟೆಗೆ ನೂರಾ ಎಪ್ಪತ್ತೆಂಟು ಮೈಲಿ ವೇಗದಲ್ಲಿದ್ದಾಗ ಹೊಗೆ ಬಂತು. ಎಣ್ಣೆ ಹಿಂದಿನ ಚಕ್ರಕ್ಕೆ ಸಿಡಿದು ಗಾಡಿ ನಾಲ್ಕು ಸುತ್ತು ಗಿರಕಿ ಹೊಡೆಯಿತು. ನಿಂತಾಗ ವೇಳೆ ಬರೆಯುವವರ ಡೇರೆಗೆ ಇಪ್ಪತ್ತು ಹೆಜ್ಜೆ ಉಳಿದಿತ್ತು. ಒಳಗೆ ಇಬ್ಬರಿದ್ದರು. ನೀನು ದೇವರನ್ನು ಬಿಟ್ಟು ಎಷ್ಟು ವರ್ಷವಾಯಿತೋ, ಆ ಇಪ್ಪತ್ತು ಹೆಜ್ಜೆಯನ್ನು ಉಳಿಸಿದ್ದು ಅವನೇ, ನಿನ್ನ ಲೆಕ್ಕವಲ್ಲ.

ಎಂಜಿನ್ನಿನ ತಲೆ ಬಿಚ್ಚಿದೆ. ನಾಲ್ಕನೆಯ ಪಿಸ್ಟನ್ನಿನಲ್ಲಿ ನನ್ನ ಹೆಬ್ಬೆರಳು ಹೋಗುವಷ್ಟು ತೂತು, ಅಂಚು ಮೇಣದ ಹಾಗೆ ಕರಗಿದೆ. ಪೆಟ್ರೋಲ್ ಸಾಲದೆ ಬೆಂದ ಗುರುತು ಅದು. ಪೆಟ್ರೋಲ್ ಕಿತ್ತವನು ಯಾರು? ಫೆಬ್ರವರಿಯಲ್ಲಿ ಹಳೆಯ ಏರ್‌ಸ್ಟ್ರಿಪ್ಪಿನ ಮೇಲೆ ಓಡಿಸಿ, ಎಂದಿನ ಹಾಗೆ, ಎಂಜಿನ್ನಿನ ಪ್ರತಿ ಕ್ಷಣವನ್ನೂ ಬರೆದಿಡುವ ದಾಖಲೆಯ ಕಾರ್ಡನ್ನು ನಿನ್ನ ದ್ವೀಪಕ್ಕೆ ಅಂಚೆಯಲ್ಲಿ ಹಾಕಿದೆ. ನೀನು ಪೆಟ್ರೋಲಿನ ಹೊಸ ಲೆಕ್ಕ ತುಂಬಿ ವಾಪಸು ಕಳಿಸಿದೆ. ಜೊತೆಗಿದ್ದ ಚೀಟಿ ನನ್ನ ಹತ್ತಿರವೇ ಇದೆ: ‘ದಾಖಲೆಯಲ್ಲಿ 11.0 ಬರ್ತಿದೆ. ಒಂದು ಪಾಲು ಪೆಟ್ರೋಲಿಗೆ ಹನ್ನೊಂದೇ ಪಾಲು ಗಾಳಿ. ಎಂಜಿನ್ನು ಪೆಟ್ರೋಲಲ್ಲಿ ಈಜ್ತಿದೆ ಅಕ್ಕಾ. ಸ್ವಲ್ಪ ಕಡಿಮೆ ಮಾಡಿ 11.8ಕ್ಕೆ ತರ್ತೀನಿ.’

11.8ಕ್ಕೆ ತಂದುಬಿಟ್ಟೆ ನೀನು. ನೋಡು ಏನಾಯಿತು.

ಶುಕ್ರವಾರದ ಓಟದ ಕಾರ್ಡು ಇದರೊಳಗಿದೆ. ಓದಿ, ತಪ್ಪು ಎಲ್ಲಿ ಮಾಡಿದೆ ಎಂದು ಬರೆ. ಫೋನ್ ಮಾಡಬೇಡ. ಹಿಂದೆ ಎರಡು ಸಲ ಮಾತಿನ ನಡುವೆ ನೀನು ಫೋನ್ ಇಟ್ಟುಬಿಟ್ಟೆ. ಕಾಗದದಲ್ಲಿ ಬರೆದದ್ದು ನಾಳೆಯೂ ಅದೇ ಇರುತ್ತದೆ.

ವರ್ನಾ


ಫ್ಲಿಂಡರ್ಸ್ ದ್ವೀಪ
25 ಮಾರ್ಚ್ 2008

ಅಕ್ಕಾ,

ಈಸ್ಟರ್ ಮುಗಿದ ಮೇಲೆ ವಿಮಾನ ಬಂತು, ಅದರ ಜೊತೆ ನಿನ್ನ ಶಾಪವೂ ಬಂತು. ಉಪವಾಸದ ನಲವತ್ತು ದಿನದಲ್ಲಿ ಇಷ್ಟು ಕಹಿ ಹೇಗೆ ಬರೀತೀಯೋ! ಕಾರ್ಲಾಗೆ ಏನೂ ಆಗಲಿಲ್ಲವಲ್ಲ, ಅದಕ್ಕೆ ಸಮಾಧಾನ. ಯಾರಿಗೆ ವಂದನೆ ಹೇಳಬೇಕು ಅನ್ನೋದು ನಿನಗೆ ಬಿಟ್ಟಿದ್ದು.

ಕಾರ್ಡು ಓದಿದೆ. ದಾಖಲೆಯಲ್ಲಿ ಓಟದುದ್ದಕ್ಕೂ 11.8. ನಾನು ಹೇಳಿದ್ದೇ 11.8. ಅಂದರೆ ನನ್ನ ಲೆಕ್ಕ ನನ್ನ ಮಾತು ಕೇಳಿದೆ.

ಇನ್ನು ಎರಡನೆಯ ವಿಷಯ. ಕ್ಲಬ್ಬಿನ ಅಧ್ಯಕ್ಷ ನಾರ್ಮ್ ಟ್ರೆಲೋರ್ ಚಾಲಕಿಯ ಮುಂದಿದ್ದ ಗಾಳಿ-ಇಂಧನದ ಮೀಟರನ್ನು ಬಿಚ್ಚಿಸಿ ನೋಡಿದ್ದಾನೆ. ತಾನು ಕಂಡ ಅತಿ ಹೆಚ್ಚಿನ ಸಂಖ್ಯೆಯನ್ನು ಆ ಮೀಟರ್ ಒಳಗೇ ಇಟ್ಟುಕೊಂಡಿರುತ್ತದೆ, ನಿನಗೆ ಗೊತ್ತು. ಎಷ್ಟಿತ್ತು ಗೊತ್ತಾ? 12.7. ದಾಖಲೆ 11.8, ಮೀಟರ್ 12.7. ಒಂದೇ ಸೆನ್ಸರು, ಎರಡು ಬಾಯಿ. ಕರಗಿದ ಪಿಸ್ಟನ್ ನೋಡಿದರೆ ಮೀಟರೇ ಸತ್ಯ ಹೇಳಿದ್ದು. ದಾಖಲೆ ಯಾಕೆ ಸುಳ್ಳು ಹೇಳಿತು ಅನ್ನೋದು ವೈರಿಂಗಿನ ಮಾತು. ಆ ವೈರಿಂಗ್ ಯಾರ ಕೈಯದು ಅಂತ ನಾನು ಬರೆಯಬೇಕಾಗಿಲ್ಲ.

ಆದರೆ ಮೀಟರ್ ಹುಡುಗಿಯ ಮೂಗಿನ ಮುಂದೆ ಇತ್ತು. ‘12.3 ದಾಟಿದರೆ ಆಕ್ಸಿಲರೇಟರಿನಿಂದ ಕಾಲು ತೆಗಿ’ ಅಂತ ನನ್ನ ಚೀಟಿಯ ಕೊನೆಯಲ್ಲಿ ಇದೆ, ಆ ಸಾಲನ್ನು ನೀನು ನಕಲು ಮಾಡಲಿಲ್ಲ. ಅವಳು ನಲವತ್ತು ಸೆಕೆಂಡು ಕಾಲು ತೆಗೆದಿಲ್ಲ.

ನಾರ್ಮ್ ನನ್ನ ಅಭಿಪ್ರಾಯ ಕೇಳಿದ, ಬರೆದು ಕಳಿಸಿದ್ದೇನೆ. ಬೆನ್ನ ಹಿಂದೆ ಮಾಡಿದೆ ಅನ್ನಬಾರದು ಅಂತ ಇಲ್ಲೂ ಬರೆಯುತ್ತೇನೆ: ‘ಚಾಲಕಿಯ ಕಣ್ಣೆದುರಿನ ಮೀಟರ್ ಸರಿಯಾದ ಸಂಖ್ಯೆಯನ್ನೇ ತೋರಿಸುತ್ತಿತ್ತು. ಆಕೆ ಅದನ್ನು ಕಡೆಗಣಿಸಿದಳು.’

ಲಾಯ್ಡ್


ಮುಡ್ಲಾ ವೆಲ್
2 ಏಪ್ರಿಲ್ 2008

ಲಾಯ್ಡ್,

ಸೋದರಮಾವ ಅನ್ನಿಸಿಕೊಂಡವನು ಬರೆಯುವ ಕಾಗದವೇ ಅದು? ಅವಳ ನಾಮಕರಣದ ದಿನ ಚರ್ಚಿನಲ್ಲಿ ಅವಳನ್ನು ಎತ್ತಿಕೊಂಡು ನಿಂತವನು ನೀನು. ಈಗ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಎತ್ತಿ ಒಗೆದೆ.

ನಿನ್ನ ಎರಡು ಸಾಲು ಏನು ಮಾಡಿದೆ ಕೇಳು. ಮೇ ಹತ್ತಕ್ಕೆ ಕ್ಲಬ್ಬಿನ ಸಮಿತಿ ಕೂರುತ್ತದೆ. ಚಾಲಕಿಯದೇ ತಪ್ಪು ಎಂದಾದರೆ ಅವಳ ಲೈಸೆನ್ಸ್ ಎರಡು ವರ್ಷ ಹೋಗುತ್ತದೆ, ಆಮೇಲೂ ನಿಧಾನದ ಗಾಡಿಯಿಂದ ಶುರು ಮಾಡಬೇಕು. ಡೇರೆಯಲ್ಲಿದ್ದವರಲ್ಲಿ ಒಬ್ಬಳು ನಾರ್ಮನ ಹೆಂಡತಿ. ಅವನಿಗೆ ಒಂದು ಹೆಸರು ಬೇಕಾಗಿತ್ತು, ಕೊಟ್ಟೆ ನೀನು.

ಕಾರ್ಲಾ ಮಾತಾಡುವುದಿಲ್ಲ. ನಿಂತುಕೊಂಡೇ ತಿನ್ನುತ್ತಾಳೆ, ತಟ್ಟೆ ತೊಳೆದಿಟ್ಟು ಶೆಡ್ಡಿಗೆ ಹೋಗುತ್ತಾಳೆ. ಬಿತ್ತನೆ ಯಂತ್ರವನ್ನು ಮೂರು ಸಲ ಬಿಚ್ಚಿ ಜೋಡಿಸಿದ್ದಾಳೆ, ಅದಕ್ಕೇನೂ ಆಗಿರಲಿಲ್ಲ. ಮೊನ್ನೆ ಕೇಳಿಯೇಬಿಟ್ಟೆ. ‘ನನ್ನ ಮೇಲೆ ಯಾಕೆ ಮುಖ ಊದಿಸ್ಕೊಂಡಿದೀಯ? ಬರೆದಿದ್ದು ನಿಮ್ಮ ಮಾವ, ನಾನಲ್ಲ’ ಎಂದೆ. ನನ್ನ ಮುಖವನ್ನು ಬಹಳ ಹೊತ್ತು ನೋಡಿ ಎದ್ದು ಹೋದಳು. ಹುಡುಗಿಗೆ ಅವಮಾನ ಒಳಗೇ ಸುಡುತ್ತಿದೆ.

ಅವಳು ಮೀಟರ್ ನೋಡಲಿಲ್ಲ ಎಂದು ನಿನಗೆ ಯಾರು ಹೇಳಿದರು? ಬೆಳಗಿನ ಬಿಸಿಲು, ಕೆಳಗೆಲ್ಲ ಉಪ್ಪು, ಗಾಜಿನ ಮೇಲೆ ಹೊಳಪು ಬಿದ್ದರೆ ಸಂಖ್ಯೆ ಕಾಣುವುದಿಲ್ಲ. ಹಾಗೂ ಆಗಿರಬಹುದಲ್ಲ. ಆ ಸಾಲನ್ನು ವಾಪಸು ತೆಗೆದುಕೋ.

ವೈರಿಂಗ್ ನನ್ನದೇ, ಹೌದು. ಆ ಕೆರೆಯ ಮೇಲೆ ಇಳಿಯುವ ಪ್ರತಿ ಗಾಡಿಯ ತಂತಿಗಳನ್ನು ಪರೀಕ್ಷಿಸಿ ಮೊಹರು ಒತ್ತುವವಳು ಹದಿನಾಲ್ಕು ವರ್ಷದಿಂದ ನಾನು. ಒಂದು ಗಾಡಿಗೂ ಬೆಂಕಿ ಹತ್ತಿಲ್ಲ. ನೀನು ರಿಪೇರಿ ಮಾಡುವ ಮೀನುಗಾರರ ದೋಣಿಗಳ ಡೀಸೆಲ್ ಡಬ್ಬಗಳ ಬಗ್ಗೆ ಹೀಗೆ ಹೇಳೋಕಾಗುತ್ತಾ ನಿನಗೆ?

ವರ್ನಾ


ಫ್ಲಿಂಡರ್ಸ್ ದ್ವೀಪ
12 ಏಪ್ರಿಲ್ 2008

ಅಕ್ಕಾ,

ಬಿಸಿಲಿನ ಹೊಳಪಂತೆ! ಆ ಮೀಟರಿಗೆ ಕಪ್ಪು ಮರೆ ಕೊಟ್ಟು ಕಳಿಸಿದ್ದೇ ನಾನು. ಬಾಯಿಗೆ ಬಂದದ್ದನ್ನು ಬರೆಯಬೇಡ.

ನನ್ನ ಸಾಲನ್ನು ವಾಪಸು ತಗೊಳ್ಳಬೇಕಾದರೆ ಸಾಕ್ಷಿ ಬೇಕು. ದಾಖಲೆ ಯಾಕೆ ಸುಳ್ಳಾಡಿತು ಅಂತ ಮೊದಲು ತೋರಿಸು. ಮೀಟರಿನ ಅರ್ತ್ ತಂತಿ ಎಲ್ಲಿ ಕೂರಿಸಿದ್ದೀಯ? ದಾಖಲೆ ಪೆಟ್ಟಿಗೆಯ ಅರ್ತ್ ಎಲ್ಲಿ? ಎರಡನ್ನೂ ಒಂದೇ ಬೋಲ್ಟಿಗೆ, ಬಣ್ಣ ಕೆರೆದ ಬರೀ ಕಬ್ಬಿಣದ ಮೇಲೆ ಕೂರಿಸು ಅಂತ ಮೀಟರ್ ಕಳಿಸಿದಾಗಲೇ ಬರೆದಿದ್ದೆ. ಪಂಪಿನ ಅರ್ತ್ ಅದರ ಹತ್ತಿರವೂ ಸುಳಿಯಬಾರದು ಅಂತಲೂ ಬರೆದಿದ್ದೆ. ನಿನಗೆ ಯಾರಾದರೂ ಹೇಳಿಕೊಟ್ಟರೆ ಆಗಲ್ಲ. ಅಪ್ಪ ಹೇಳಿದರೂ ಆಗುತ್ತಿರಲಿಲ್ಲ.

ಈಗ ಹೀಗೆ ಮಾಡು. ಎಂಜಿನ್ನು ಇಲ್ಲದಿದ್ದರೂ ಪರವಾಗಿಲ್ಲ, ಬ್ಯಾಟರಿ ಸಾಕು. ಮಲ್ಟಿಮೀಟರಿನ ಒಂದು ಕಡ್ಡಿ ಮೀಟರಿನ ಅರ್ತಿಗೆ, ಇನ್ನೊಂದು ದಾಖಲೆ ಪೆಟ್ಟಿಗೆಯ ಅರ್ತಿಗೆ ಇಡು. ಸೊನ್ನೆ ಇರಬೇಕು. ಆಮೇಲೆ, ವೇಗ ಏರಿದಾಗ ಚಾಲೂ ಆಗುತ್ತದಲ್ಲ, ಆ ಎರಡನೆಯ ಪೆಟ್ರೋಲ್ ಪಂಪಿನ ಸ್ವಿಚ್ ಹಾಕು. ಆಗಲೂ ಸೊನ್ನೆ ಇದ್ದರೆ ನಾನೇ ನಿನ್ನ ಚರ್ಚಿಗೆ ಬಂದು ಮುಂದಿನ ಬೆಂಚಲ್ಲಿ ಕೂರ್ತೀನಿ.

ಲಾಯ್ಡ್


ಮುಡ್ಲಾ ವೆಲ್
21 ಏಪ್ರಿಲ್ 2008

ಲಾಯ್ಡ್,

ಚರ್ಚಿಗೆ ಬರುವ ತೊಂದರೆ ನಿನಗೆ ಬೇಡ. ಪಂಪು ಇಲ್ಲದಾಗ ಸೊನ್ನೆ. ಪಂಪು ಹಾಕಿದರೆ 0.45 ವೋಲ್ಟು.

ಮೀಟರಿನ ಅರ್ತನ್ನು ಎಂಜಿನ್ನಿಗೆ ಕೊಟ್ಟಿದ್ದೆ. ದಾಖಲೆ ಪೆಟ್ಟಿಗೆ ಸೀಟಿನ ಹಿಂದಿದೆ, ಅದರ ತಂತಿ ಅಲ್ಲಿಗೆ ಒಂದು ಗೇಣು ಸಾಲದೆ ಬಂತು. ಪಕ್ಕದಲ್ಲೇ ಪಂಪಿನ ಅರ್ತಿನ ಬೋಲ್ಟಿತ್ತು, ಅದಕ್ಕೇ ಬಿಗಿದೆ. ಮೊದಮೊದಲು ಸರಿಯಾಗಿಯೇ ಇತ್ತು. ಆಮೇಲೆ ಜನವರಿಯಲ್ಲಿ ಉಪ್ಪಿನ ಕೆರೆಗೆ ಇಳಿಯುವ ತಯಾರಿ ಶುರುವಾಯಿತು. ಇಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಕೆರೆಗೆ ಇಳಿಯುವ ಗಾಡಿಯ ಪ್ರತಿ ಬೋಲ್ಟನ್ನೂ ಬಿಚ್ಚಿ, ಉಪ್ಪು ತಿನ್ನದಿರಲಿ ಎಂದು ಕುರಿ ಉಣ್ಣೆಯ ಜಿಡ್ಡು ಮೆತ್ತಿ ಮತ್ತೆ ಬಿಗಿಯುತ್ತೇವೆ. ಅಪ್ಪನ ಕಾಲದಿಂದ ಮಾಡಿದ್ದು, ನೀನೂ ಮಾಡಿದ್ದೀಯ. ಆ ಬೋಲ್ಟನ್ನೂ ಬಿಚ್ಚಿದೆ. ತಗಡಿನ ನಡುವೆ ಬೆರಳು ಹಾಕಿ ಜಿಡ್ಡು ತುಂಬಿದೆ, ತುಕ್ಕು ಹಿಡಿಯಬಾರದೆಂದು ನಾರಿನ ವಾಷರನ್ನೂ ಇಟ್ಟೆ. ತುಕ್ಕು ಹಿಡಿಯಲಿಲ್ಲ. ವಿದ್ಯುತ್ತೂ ಸರಿಯಾಗಿ ಹರಿಯಲಿಲ್ಲ. ಈಗ ಕೆರೆದು, ಎರಡನ್ನೂ ಒಂದೇ ಜಾಗಕ್ಕೆ ತಂದು, ಪಂಪಿಗೆ ಬೇರೆ ದಾರಿ ಕೊಟ್ಟೆ. ವ್ಯತ್ಯಾಸ ಹೋಯಿತು.

ಪಂಪು ಎಳೆದಾಗ ಪೆಟ್ಟಿಗೆಯ ಸೊನ್ನೆ ಮೇಲೇಳುತ್ತಿತ್ತು. ಅದಕ್ಕೇ ದಾಖಲೆಯಲ್ಲಿ ಸಂಖ್ಯೆ 0.9ರಷ್ಟು ಕೆಳಗೆ ಬಿತ್ತು. ಇದು ನನ್ನ ಕೈಯ ತಪ್ಪು. ಬರೆದುಕೊಟ್ಟಿದ್ದೇನೆ, ಚೌಕಟ್ಟು ಹಾಕಿಸಿ ಗೋಡೆಗೆ ಹಾಕಿಕೋ.

ಆದರೆ ನಾನೂ ಒಂದು ಕೆಲಸ ಮಾಡಿದೆ. ಫೆಬ್ರವರಿಯ ದಾಖಲೆಯನ್ನು ಕಾಗದಕ್ಕೆ ಇಳಿಸಿ ಅಡುಗೆಮನೆಯ ಮೇಜಿನ ಮೇಲೆ ಹಾಸಿದೆ, ಏಳು ಹಾಳೆ. ಎರಡನೆಯ ಪಂಪು ಚಾಲೂ ಆಗುವ ಪ್ರತಿ ಸಲವೂ ಗೆರೆ ಧೊಪ್ಪೆಂದು ಒಂದು ಮೆಟ್ಟಿಲು ಇಳಿಯುತ್ತದೆ. ಸೆಕೆಂಡಿನ ನೂರರಲ್ಲಿ ಒಂದು ಪಾಲಿನಲ್ಲಿ. ಉರಿಯುವ ಎಂಜಿನ್ನಿನಲ್ಲಿ ಗಾಳಿ, ಪೆಟ್ರೋಲು ಅಷ್ಟು ಬೇಗ ಬದಲಾಗುವುದಿಲ್ಲ. ಅದು ತಂತಿಯ ಮಾತು, ಎಂಜಿನ್ನಿನ ಮಾತಲ್ಲ. ಹಳ್ಳಿ ಶಾಲೆ ಓದಿದ ನನಗೆ ಒಂದು ಮಧ್ಯಾಹ್ನಕ್ಕೆ ಕಂಡಿತು. ಇಪ್ಪತ್ತೈದು ವರ್ಷದಿಂದ ಇದೇ ತಿಂದು ಇದೇ ಉಸಿರಾಡುವ ನಿನಗೆ ಕಾಣಲಿಲ್ಲವೇ?

ಕಂಡಿತ್ತೋ ಇಲ್ಲವೋ, ಅದೊಂದನ್ನು ಬರೆ.

ವರ್ನಾ


ಫ್ಲಿಂಡರ್ಸ್ ದ್ವೀಪ
28 ಏಪ್ರಿಲ್ 2008

ಅಕ್ಕಾ,

ಕಂಡಿತ್ತು.

ಫೆಬ್ರವರಿಯಲ್ಲಿ ಹನ್ನೊಂದು ದೋಣಿ ನನ್ನ ಬಾಗಿಲಲ್ಲಿ ನಿಂತಿದ್ದವು. ಮೆಟ್ಟಿಲು ನೋಡಿದೆ, ಏನೋ ಸೆನ್ಸರಿನ ಗದ್ದಲ ಅಂದುಕೊಂಡೆ, ಕಂಪ್ಯೂಟರಿನಲ್ಲಿ ಗೆರೆಯನ್ನು ನಯ ಮಾಡುವ ಗುಂಡಿ ಒತ್ತಿದೆ. ಗೆರೆ ನಯವಾಯಿತು, ಮೆಟ್ಟಿಲು ಮಾಯವಾಯಿತು. ನಿನಗೆ ಬರೆದು ಕೇಳಬೇಕು ಅಂತ ಅನ್ನಿಸಿತ್ತು. ಕೇಳಿದರೆ ನೀನು ‘ನನ್ನ ವೈರಿಂಗಿಗೆ ಕೊಂಕು ತೆಗಿತೀಯಾ’ ಅಂತ ನಾಲ್ಕು ಹಾಳೆ ಬರೀತಿದ್ದೆ. ಅದನ್ನು ಓದೋಕೆ ಪುರುಸೊತ್ತು ಇರಲಿಲ್ಲ.

ಇದು ನಿನಗೆ ಬರೆದದ್ದು. ಸಮಿತಿಗಲ್ಲ. ಈ ಕೆಲಸದಲ್ಲಿ ಹೆಸರು ಹೋದರೆ ನನಗೆ ಇಲ್ಲಿ ಬೇರೆ ಏನೂ ಇಲ್ಲ. ನೀನು ಈ ಕಾಗದ ತೋರಿಸಿದರೆ ನನ್ನದಲ್ಲ ಅಂತೀನಿ.

ಅಲ್ಲದೆ ಇದರಿಂದ ಕಾರ್ಲಾ ಪಾರಾಗಲ್ಲ. ದಾಖಲೆ ಸುಳ್ಳು ಹೇಳಿತು, ಸರಿ. ನೀನು ಜಿಡ್ಡು ಮೆತ್ತಿದೆ, ನಾನು ಗುಂಡಿ ಒತ್ತಿದೆ, ಎಲ್ಲ ಸರಿ. ಮೀಟರ್ ಮಾತ್ರ ಸತ್ಯ ಹೇಳ್ತಾನೇ ಇತ್ತಲ್ಲ. ಮೂರು ಮೈಲಿ ದೂರಕ್ಕೂ ಎದುರಿಗೇ ಇತ್ತು. ಅವಳು ಯಾಕೆ ಕಾಲು ತೆಗೀಲಿಲ್ಲ? ನಾನು ಕೇಳ್ತಿರೋದು ಇದೊಂದೇ, ಮೊದಲ ಕಾಗದದಿಂದ. ನೀನು ಬಿಸಿಲು ಅಂದೆ, ನಾಮಕರಣ ಅಂದೆ, ಮೆಟ್ಟಿಲು ಅಂದೆ. ಇದಕ್ಕೆ ಮಾತ್ರ ಉತ್ತರ ಇಲ್ಲ.

ಕಳೆದ ವಾರ ಮನೆಗೆ ಫೋನ್ ಮಾಡಿದ್ದೆ. ಅವಳೇ ಎತ್ತಿದಳು. ‘ಮೀಟರ್ ಯಾಕಮ್ಮ ನೋಡಲಿಲ್ಲ’ ಅಂತ ಮೆತ್ತಗೇ ಕೇಳಿದೆ. ‘ಅಮ್ಮನ್ನ ಕೇಳಿ ಮಾವ’ ಅಂದು ಇಟ್ಟಳು. ಎಂಥ ಸೊಕ್ಕು! ನಿನ್ನಿಂದಲೇ ಬಂದಿರಬೇಕು.

ಲಾಯ್ಡ್


ಫ್ಲಿಂಡರ್ಸ್ ದ್ವೀಪ
7 ಮೇ 2008

ಅಕ್ಕಾ,

ಇವತ್ತು ವಿಮಾನ ಬಂತು. ನಿನ್ನ ಕಾಗದ ಬರಲಿಲ್ಲ. ನೀನು ಉತ್ತರ ಬರೆಯದೆ ಬಿಟ್ಟಿದ್ದು ನನಗೆ ನೆನಪಿರೋ ಹಾಗೆ ಇದೇ ಮೊದಲು.

ಏನನ್ನು ಮುಚ್ಚಿಡ್ತಿದೀಯ?

ಲಾಯ್ಡ್


ಮುಡ್ಲಾ ವೆಲ್
12 ಮೇ 2008, ಸೋಮವಾರ

ಲಾಯ್ಡ್,

ನಿನ್ನ ಮುಂದಿನ ಕಾಗದ ಇನ್ನೂ ದಾರಿಯಲ್ಲಿದ್ದರೆ ಇರಲಿ. ಅದರಲ್ಲಿ ಏನಿರುತ್ತದೆಂದು ನನಗೆ ಗೊತ್ತು. ಉತ್ತರ ಇಲ್ಲಿದೆ. ನಿನಗೆ ಬರೆಯುವ ಮುಂಚೆ ಬೇರೆಯವರಿಗೆ ಹೇಳಬೇಕಿತ್ತು, ಹೇಳಿದ್ದೇನೆ.

ಸಭೆಗೆ ಮುಂಚಿನ ಭಾನುವಾರ ಚರ್ಚಿನಲ್ಲಿ ಪ್ರಭು ಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಎಲ್ಲರೂ ಎದ್ದು ಹೋದರು, ನಾನು ಬೆಂಚಿನಲ್ಲೇ ಕೂತೆ. ತಪ್ಪನ್ನು ಮುಚ್ಚಿಟ್ಟುಕೊಂಡೇ ಎಂಟು ಭಾನುವಾರ ಹೋಗಿ ತೆಗೆದುಕೊಂಡಿದ್ದೆ, ಒಂಬತ್ತನೆಯದಕ್ಕೆ ಕಾಲು ಬರಲಿಲ್ಲ. ಪಕ್ಕದಲ್ಲಿ ಕಾರ್ಲಾ. ಅವಳೂ ಏಳಲಿಲ್ಲ. ನನಗೆ ಜೊತೆಯಾಗಿ ಕೂತಳು ಅಂದುಕೊಂಡೆ. ಅದೂ ನಾನು ತಪ್ಪು ತಿಳಿದದ್ದೇ.

ಶನಿವಾರ ಸಭೆ. ಊರಿನ ಹಾಲ್‌ನಲ್ಲಿ, ಚಹಾದ ಹಂಡೆ ಬುಸುಗುಡುತ್ತಿತ್ತು, ಹನ್ನೆರಡು ಮಂದಿ ಇದ್ದರು. ನಾರ್ಮ್ ನಿನ್ನ ಕಾಗದ ಓದಿದ. ‘ಆಕೆ ಅದನ್ನು ಕಡೆಗಣಿಸಿದಳು.’ ಕಾರ್ಲಾ ತಲೆ ಎತ್ತಲಿಲ್ಲ.

ನಾನು ಎದ್ದು ನಿಂತೆ.

‘ವರ್ನಾ, ಕೂತ್ಕೋ. ತಾಯಂದಿರ ಭಾಷಣ ಕೇಳೋ ಸಭೆ ಅಲ್ಲ ಇದು’ ಎಂದ ನಾರ್ಮ್.

‘ತಾಯಿಯಾಗಿ ನಿಂತಿಲ್ಲ. ಆ ಗಾಡಿಗೆ ಮೊಹರು ಒತ್ತಿದವಳಾಗಿ ನಿಂತಿದ್ದೀನಿ’ ಎಂದೆ.

ಅವರಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತೇನೆ. ಶುಕ್ರವಾರ ಮೊದಲನೆಯ ಓಟ ಮುಗಿಸಿ ಬಂದು ಕಾರ್ಲಾ ಹೆಲ್ಮೆಟ್ ತೆಗೆಯುವ ಮೊದಲೇ ಕೂಗಿದಳು. ‘ಅಮ್ಮಾ, ಮೀಟರ್ 12.7 ತೋರಿಸ್ತಿದೆ. ಕಾಲು ತೆಗ್ದುಬಿಟ್ಟೆ.’ ನಾನು ದಾಖಲೆ ನೋಡಿದೆ, 11.8. ‘ಮೀಟರ್ ಆಟದ ಸಾಮಾನು, ದಾಖಲೆ ನೋಡಿ ನಡ್ಕೋಬೇಕು’ ಎಂದೆ. ‘ಮಾವ ಬರೆದಿದಾರಲ್ಲ, 12.3 ದಾಟಿದ್ರೆ ತೆಗಿ ಅಂತ’ ಎಂದಳು. ಅದಕ್ಕೆ ನಾನು, ‘ಮಾವನಿಗಿಂತ ಮುಂಚೆ ನಾನು ತಂತಿ ಹಿಡಿದವಳು. ಅದನ್ನ ನೋಡ್ತಾ ಕೂತ್ರೆ ನಿನ್ನ ಕಣ್ಣು ದಾರಿ ಮೇಲಿರಲ್ಲ’ ಎಂದು ಹೇಳಿ ಕಪ್ಪು ಟೇಪು ಕತ್ತರಿಸಿ ಮೀಟರಿನ ಮುಖಕ್ಕೆ ಅಡ್ಡ ಹಚ್ಚಿದೆ. ನನ್ನ ಕೈಯಾರೆ. ನನ್ನ ವೈರಿಂಗ್ ತಪ್ಪಿರಬಹುದೆಂದು ಒಂದು ಕ್ಷಣವೂ ಹೊಳೆಯಲಿಲ್ಲ. ಅವಳು ಕುರುಡಾಗಿ ಓಡಿಸಿದಳು, ಲಾಯ್ಡ್, ನಾನು ಹೇಳಿದೆನೆಂದು.

ಇದಿಷ್ಟೇ ಆಗಿದ್ದರೆ ತಪ್ಪು ಎನ್ನಬಹುದಿತ್ತು. ಗಾಡಿ ನಿಂತಾಗ ಹಿಂದೆ ಬರುತ್ತಿದ್ದ ಟ್ರಕ್ಕಿನಿಂದ ಇಳಿದು ಮೊದಲು ಹೋಗಿ ತಲುಪಿದವಳು ನಾನು. ಬಾಗಿಲು ತೆಗೆದೆ. ಒಳಗೆಲ್ಲ ಹೊಗೆ. ಅವಳು ಬೆಲ್ಟಿನಲ್ಲಿ ಸಿಕ್ಕಿಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಳ ಬೆಲ್ಟು ಬಿಚ್ಚುವ ಮೊದಲು ನನ್ನ ಕೈ ಟೇಪಿಗೆ ಹೋಯಿತು. ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡೆ. ಆಮೇಲೆ ಬೆಲ್ಟು.

ಇಷ್ಟು ಹೇಳಿ ಮೊಹರನ್ನು ಮೇಜಿನ ಮೇಲಿಟ್ಟೆ. ನಾರ್ಮ್ ಅವಳ ಕಡೆ ತಿರುಗಿದ.

‘ಕಾರ್ಲಾ, ಟೇಪು ಕಿತ್ತಿದ್ದು ನಿಂಗೆ ಗೊತ್ತಿತ್ತಾ?’

‘ಹೆಲ್ಮೆಟ್ ಒಳಗಿಂದ ನೋಡ್ತಾನೇ ಇದ್ದೆ.’

‘ಮತ್ತೆ ಎರಡು ತಿಂಗಳು ಯಾಕೆ ಬಾಯಿ ಬಿಡ್ಲಿಲ್ಲ? ನಿನ್ನ ಲೈಸೆನ್ಸ್ ಹೋಗ್ತಿತ್ತಲ್ಲ, ಹುಡುಗಿ.’

‘ಹೇಳ್ಬೇಕಾದವಳು ನಾನಲ್ಲ’ ಎಂದಳು. ‘ಅಮ್ಮ ಎಷ್ಟು ದಿನ ತಗೊಳ್ತಾರೆ ಅಂತ ನೋಡ್ತಿದ್ದೆ.’

ನಾನು ಒಂಬತ್ತು ವಾರ ಅದನ್ನು ಸೊಕ್ಕು, ಸಿಡುಕು, ಅವಮಾನ ಎಂದೆಲ್ಲ ಅಂದುಕೊಂಡೆ. ನೀನೂ ಅಂದುಕೊಂಡೆ. ಅದೊಂದರಲ್ಲಿ ಅಕ್ಕ ತಮ್ಮ ಒಂದೇ.

ಅವಳ ಲೈಸೆನ್ಸ್ ಉಳಿಯಿತು. ನನ್ನ ಮೊಹರು ಹೋಯಿತು, ಮೂರು ವರ್ಷ ನಾನು ಕೆರೆಯ ಮೇಲೆ ಕಾಲಿಡುವಂತಿಲ್ಲ. ನಾರ್ಮನ ಹೆಂಡತಿ ನನ್ನ ಪಕ್ಕದಿಂದಲೇ ಹೋಗಿ ಲೋಟ ತೊಳೆದಳು, ಮುಖ ನೋಡಲಿಲ್ಲ. ಅವಳನ್ನು ನಾನು ದೂರುವುದಿಲ್ಲ.

ನಿನ್ನ ವಿಷಯ ನಾನು ಎತ್ತಲಿಲ್ಲ. ಗುಂಡಿ ಒತ್ತಿದ್ದನ್ನು ಒಪ್ಪಿಕೊಂಡ ನಿನ್ನ ಏಪ್ರಿಲ್ ಕಾಗದ, ಕಾರ್ಲಾಳೂ ಓದಿದ ಕಾಗದ, ನನ್ನ ಕೈಚೀಲದಲ್ಲೇ ಇತ್ತು, ನಾನು ಹೊರಗೆ ತೆಗೆಯಲಿಲ್ಲ. ನಿನ್ನ ತಪ್ಪನ್ನು ಒಪ್ಪಿಕೊಳ್ಳುವುದು ನನ್ನ ಕೆಲಸವಲ್ಲ. ನಿನ್ನ ಮೇಲಿನ ಸಿಟ್ಟು ಹೋಗಲೆಂದು ದಿನಾ ಪ್ರಾರ್ಥನೆ ಮಾಡುತ್ತಿದ್ದೇನೆ, ಇನ್ನೂ ಹೋಗಿಲ್ಲ. ಹೋದಾಗ ತಿಳಿಸುತ್ತೇನೆ.

ಮನೆಗೆ ಬರುವಾಗ ಕಾರ್ಲಾ ಗಾಡಿ ಓಡಿಸಿದಳು. ಐವತ್ತು ಮೈಲಿಯಲ್ಲಿ ಒಂದೇ ಮಾತು.

‘ಮಾವ ಸಮಿತಿಗೆ ಮತ್ತೇನಾದ್ರೂ ಬರೆದ್ರಾ?’

‘ಇಲ್ಲ’ ಎಂದೆ.

‘ಸರಿ’ ಅಂದಳು, ಮುಂದಿನ ರಸ್ತೆ ನೋಡುತ್ತ. ಸಿಟ್ಟಿನ ದನಿಯಲ್ಲ ಅದು. ನನ್ನ ದಿನಗಳನ್ನು ಎಣಿಸಿದ ಹಾಗೆ ಈಗ ನಿನ್ನ ದಿನಗಳನ್ನು ಎಣಿಸಲು ಶುರುಮಾಡಿದ್ದಾಳೆ.

ವರ್ನಾ